ಊಟಿ ಚಳಿಯಲ್ಲಿ ಗಾರೆ ಕೆಲಸ: ಹುಡುಗರ ಕೈಗೆ ಏನು ಹಾಕಿಸೋದು?

ತಾಳವಾಡಿ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ನಾನು ತಾಳವಾಡಿ ಕಡೆಯವನು, ಗಾರೆ ಕೆಲಸ. ಈ ಡಿಸೆಂಬರ್‌ನಲ್ಲಿ ಊಟಿ ಪಕ್ಕ ತಲೈಕುಂದಾ ಹತ್ತಿರ ಒಂದು ಮನೆ ಒಪ್ಪಿಕೊಂಡಿದ್ದೇನೆ. ಒಟ್ಟು 14 ಜನ, ಅದರಲ್ಲಿ 4 ಹೆಣ್ಣಾಳು. ನಮ್ಮೂರಲ್ಲೂ ಚಳಿ ಇದೆ, ಆದರೆ ಇಲ್ಲಿನದು ಬೇರೆ ಜಾತಿ. ಬೆಳಗ್ಗೆ ಎದ್ದರೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಡ್ರಮ್ಮಿನ ನೀರಿಗೆ ಕೈ ಹಾಕಿದರೆ ಮೊಣಕೈ ತನಕ ಜೋಮು.

ಮೊದಲ ವಾರ ಟಿಬೆಟಿಯನ್ನರ ಮಾರ್ಕೆಟ್‌ನಿಂದ ಎಲ್ಲರಿಗೂ ಉಣ್ಣೆ ಗ್ಲೌಸ್ ತಂದುಕೊಟ್ಟೆ. ನನ್ನ ಕೈಯಿಂದಲೇ ದುಡ್ಡು. ಹುಡುಗರು ಖುಷಿಪಟ್ಟರು. ಮೂರನೇ ದಿನಕ್ಕೆ ಪ್ಲಾಸ್ಟರಿಂಗ್ ಮಾಡುವ ಇಬ್ಬರಿಗೆ ಬೆರಳ ತುದಿ ಕೆಂಪಾಗಿ ಸಿಪ್ಪೆ ಏಳುತ್ತಿದೆ, ಉಗುರ ಪಕ್ಕ ಒಡೆದು ರಕ್ತ. ಚಳಿಗೆ ಒಡೆದಿದೆ ಅಂದುಕೊಂಡೆವು. ಗ್ಲೌಸ್ ಹಾಕದೆ ಬರೀ ಕೈಯಲ್ಲಿ ಮಾಡುವವರ ಕೈ ಇಷ್ಟು ಹಾಳಾಗಿಲ್ಲ, ಅದೇ ಅರ್ಥ ಆಗುತ್ತಿಲ್ಲ. ಈಗ ಯಾರೂ ಗ್ಲೌಸ್ ಮುಟ್ಟುತ್ತಿಲ್ಲ.

ಇನ್ನೊಂದು, ಮಂಕಿ ಕ್ಯಾಪ್ ಹಾಕಿದರೆ ಹೆಲ್ಮೆಟ್ ಕೂರುವುದಿಲ್ಲ. ಹೆಲ್ಮೆಟ್ ಹಾಕಿದರೆ ಕಿವಿ ಹೋಗುತ್ತದೆ. ಈ ಕಡೆ ಚಳಿಯಲ್ಲಿ ಕೆಲಸ ಮಾಡಿದವರು ಏನು ಹಾಕುತ್ತೀರಿ ಹೇಳಿ.

ಹೊಸೂರು ಸೂಪರ್‌ವೈಸರ್

ಅಣ್ಣ, ಅದು ಚಳಿ ಅಲ್ಲ. ಸಿಮೆಂಟ್ ಸುಟ್ಟಿದೆ.

ಎಲೆ ಅಡಿಕೆಗೆ ಸುಣ್ಣ ಒಂಚೂರು ಜಾಸ್ತಿ ಆದರೆ ನಾಲಿಗೆ ಹೇಗೆ ಸುಡುತ್ತದೆ? ಸಿಮೆಂಟಿಗೆ ನೀರು ಬಿದ್ದರೆ ಅದರಲ್ಲೂ ಸುಣ್ಣವೇ ಹುಟ್ಟುವುದು. ಕಲಸಿದ ಗಾರೆಯ ಪಿಎಚ್, ಅಂದರೆ ಕ್ಷಾರದ ಅಳತೆ, 12 ದಾಟುತ್ತದೆ. ಉಣ್ಣೆ ಗ್ಲೌಸ್ ಆ ನೀರನ್ನು ಹೀರಿಕೊಂಡು ಬೆರಳಿಗೆ ಪಟ್ಟಿ ಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ. ಬರೀ ಕೈ ಆದರೆ ಆಗಾಗ ನೀರಿಗೆ ಅದ್ದುತ್ತಾರೆ, ಒರೆಸುತ್ತಾರೆ. ಗ್ಲೌಸ್ ಒಳಗೆ ಬೆಳಗ್ಗೆ ಹೊಕ್ಕಿದ್ದು ಸಂಜೆ ತನಕ ಅಲ್ಲೇ. ಅದಕ್ಕೇ ಬರೀ ಕೈಯವರು ಪಾರಾದರು. ಜೊತೆಗೆ ಚಳಿಗೆ ಬೆರಳು ಮರಗಟ್ಟಿರುತ್ತದೆ, ಉರಿ ಗೊತ್ತಾಗುವುದೇ ಇಲ್ಲ.

ನಮ್ಮ ಸೈಟಿನಲ್ಲಿ ಮಾಡುವುದು ಹೀಗೆ. ಒಳಗೆ ತೆಳು ಹತ್ತಿ ಅಥವಾ ನೂಲಿನ ಗ್ಲೌಸ್, ಮೇಲೆ ನೀರು ಹೋಗದ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್, ಮಣಿಕಟ್ಟು ದಾಟಿ ಮೇಲೆ ಬರುವಂಥದ್ದು. ಅಂಗೈಗೆ ಮಾತ್ರ ಕೋಟಿಂಗ್ ಇದ್ದು ಬೆನ್ನು ಕಡೆ ಬಟ್ಟೆ ಇರುವುದು ಬರುತ್ತಲ್ಲ, ಅದು ಇಟ್ಟಿಗೆ ಎತ್ತಲು, ಕಬ್ಬಿಣ ಹೊರಲು ಸರಿ, ಗಾರೆಗೆ ಬೇಡ. ಒಳಗಿನ ನೂಲಿನದ್ದು ಒಬ್ಬೊಬ್ಬರಿಗೆ 3 ಜೊತೆ ಕೊಡಿ. ಬೆವರಿಗೆ ಒದ್ದೆ ಆದ ತಕ್ಷಣ ಬದಲಾಯಿಸಲಿ.

ಸುಮ್ನೆ ಓದುವವ

ಅಯ್ಯೋ, ಎರಡು ಗ್ಲೌಸ್ ಹಾಕಿಕೊಂಡು ಕರಣೆ ಹಿಡಿಯಲು ಆಗುತ್ತಾ? ಮೂಲೆ ತೆಗೆಯುವಾಗ ಬೆರಳೇ ಕಣ್ಣು ನಮಗೆ.

ಹೊಸೂರು ಸೂಪರ್‌ವೈಸರ್

ಎರಡು ದಿನ ಬೈಯುತ್ತಾರೆ, ಮೂರನೇ ದಿನ ಅಭ್ಯಾಸ ಆಗುತ್ತದೆ. ಸೈಜ್ ಸರಿ ಇರಬೇಕು ಅಷ್ಟೇ. ಎಲ್ಲರಿಗೂ ದೊಡ್ಡದೇ ತಂದು ಬಿಸಾಕಿದರೆ ಯಾರೂ ಹಾಕುವುದಿಲ್ಲ.

ಮಡಕಶಿರಾ ಬಿಸಿಲು

ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮಪ್ಪ 40 ವರ್ಷ ಬರೀ ಕೈಯಲ್ಲಿ ಗಾರೆ ಮಾಡಿದರು. ಕೆಲಸ ಶುರು ಮಾಡಿದರೆ ಮೈ ತಾನೇ ಬಿಸಿ ಆಗುತ್ತದೆ. ಈಗಿನ ಹುಡುಗರಿಗೆ ನಾಜೂಕು ಜಾಸ್ತಿ.

ಗೂಡಲೂರು ನರ್ಸಕ್ಕ

ನಿಮ್ಮ ತಂದೆಯವರ ಅಂಗೈ ಒಂದು ಸಲ ನೆನಪು ಮಾಡಿಕೊಳ್ಳಿ. ಹೆಬ್ಬೆರಳ ಬುಡದಲ್ಲಿ ಕಪ್ಪು ಬಿರುಕು ಇತ್ತಾ ಇಲ್ವಾ?

ಮಡಕಶಿರಾ ಬಿಸಿಲು

ಇತ್ತು ಅಕ್ಕ. ರಾತ್ರಿ ಹೊತ್ತು ಮೇಣ ಕರಗಿಸಿ ಹಚ್ಚಿಕೊಳ್ಳುತ್ತಿದ್ದರು. ಊಟ ಮಾಡುವಾಗ ಖಾರ ತಾಗಿದರೆ ಎಡಗೈಗೆ ಬದಲಾಯಿಸುತ್ತಿದ್ದರು. ಸರಿ, ನಾನು ಸುಮ್ಮನಾಗುತ್ತೇನೆ.

ಗೂಡಲೂರು ನರ್ಸಕ್ಕ

ಮೇಸ್ತ್ರಿಯವರೇ, ಆ ಇಬ್ಬರ ಕೈಯನ್ನು ಮೊದಲು ನೋಡಿ. ಸಿಮೆಂಟ್ ತಾಗಿದ ಜಾಗವನ್ನು ಹರಿಯುವ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆಯಬೇಕು, 20 ನಿಮಿಷ ಆದರೂ. ಗಾರೆ ಡ್ರಮ್ಮಿನ ನೀರಲ್ಲಿ ಅದ್ದಿ ತೆಗೆದರೆ ಅದು ತೊಳೆದಂತೆ ಅಲ್ಲ. ಸಿಪ್ಪೆ ಎದ್ದು ಒಳಗಿನ ಚರ್ಮ ಬಿಳಿ ಅಥವಾ ಕಪ್ಪಾಗಿದ್ದರೆ, ಗುಳ್ಳೆ ದೊಡ್ಡದಿದ್ದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಿಮೆಂಟ್ ಸುಟ್ಟಿದ್ದು ಮೊದಲ ದಿನ ಚಿಕ್ಕದಾಗಿ ಕಾಣುತ್ತದೆ, ಒಳಗೆ ಇಳಿಯುತ್ತಾ ಹೋಗುತ್ತದೆ. ವಾಸಿ ಆಗುವ ತನಕ ಅವರಿಗೆ ಗಾರೆ ಮುಟ್ಟಿಸಬೇಡಿ.

ಚಳಿಯಿಂದಲೂ ಬೆರಳಿಗೆ ತೊಂದರೆ ಆಗುತ್ತದೆ, ಇಲ್ಲ ಅಂತಲ್ಲ. ಬೆರಳು, ಕಿವಿ, ಕಾಲ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಊದಿ, ಬೆಚ್ಚಗಾದ ಕೂಡಲೇ ಸಿಕ್ಕಾಪಟ್ಟೆ ತುರಿಸುತ್ತದೆ. ಅದಕ್ಕೆ ಹೆಪ್ಪುಗಟ್ಟುವಷ್ಟು ಚಳಿ ಬೇಕಿಲ್ಲ, ಒದ್ದೆ ಮತ್ತು 10 ಡಿಗ್ರಿ ಸಾಕು. ಅಂಥವರು ಕೈಯನ್ನು ನೇರ ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಬೆರಳಿಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಲಿ, ಇಲ್ಲ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು.

ಅಕ್ಕಲಕೋಟೆ ಗವಂಡಿ

ನಮ್ಮ ಕಡೆ ಸೀತನಿ, ಅಂದ್ರೆ ಎಳೆ ಜೋಳದ ತೆನೆ, ತಿನ್ನುವ ಟೈಮಿಗೆ ಮುಂಜಾನೆ ಥಂಡಿ ಚಲೋ ಇರುತ್ತದ್ರಿ. ಆದರೆ 10 ಗಂಟೆಗೆ ಬಿಸಿಲು ಬಂತಂದ್ರೆ ಮುಗೀತು, ಅಂಗಿ ಬಿಚ್ಚಿ ಕೆಲಸ. ನಿಮ್ಮ ಊಟಿ ಲೆಕ್ಕವೇ ಬೇರೆ.

ನಾನು ಹೇಳುವುದು ಕಬ್ಬಿಣ ಕಟ್ಟುವವರ ಬಗ್ಗೆ. ಗಾರೆಯವರಿಗಿಂತ ಅವರದ್ದು ಕಷ್ಟ. ಇಡೀ ರಾತ್ರಿ ಹೊರಗೆ ಬಿದ್ದ ಸರಳು ಮುಂಜಾನೆ ಕೈಯೊಳಗಿನ ಬಿಸಿ ಎಲ್ಲ ಎಳೆದುಕೊಳ್ಳುತ್ತದೆ. ಸರಳುಗಳನ್ನು ಬಿಸಿಲು ಬೀಳುವ ಕಡೆ ಜೋಡಿಸಿಡಿ, ಕಟ್ಟುವ ಕೆಲಸ 9 ಆದ ಮೇಲೆ ಶುರು ಮಾಡಿಸಿ. ಮುಂಜಾನೆ ಹೊತ್ತು ಇಟ್ಟಿಗೆ ಸಾಗಿಸುವುದು, ಮಣ್ಣು ಎತ್ತುವುದು, ಮೈ ಬಿಸಿ ಮಾಡುವ ಕೆಲಸ ಇಡಿ. ಪೈಸಾ ಖರ್ಚಿಲ್ಲ.

ಕುಂಬಳೆ ಮಾಜಿ ಗ್ರೆಫ್

ನಾನು ಕಾಸರಗೋಡು ಜಿಲ್ಲೆಯವ. ನಮ್ಮಲ್ಲಿ ಚಳಿ ಅಂದರೆ ಫ್ಯಾನ್ ಒಂದರಲ್ಲಿ ಇಡುವುದು, ನಗಬೇಡಿ. ಆದರೆ ಗಡಿ ರಸ್ತೆ ಸಂಸ್ಥೆಯ ಗ್ರೆಫ್ ಪಡೆಯಲ್ಲಿ ಇದ್ದು ಲಡಾಖಿನ ಹಿಮಾಂಕ್ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದ್ದೇನೆ. ಖರ್ದುಂಗ್ ಲಾ 17,000 ಅಡಿ ದಾಟಿದ ಜಾಗ. ಅಲ್ಲಿ ರಸ್ತೆ ಕೆಲಸಕ್ಕೆ ಜಾರ್ಖಂಡಿನ ದುಮ್ಕಾ ಕಡೆಯ ಹುಡುಗರು ಬರುತ್ತಿದ್ದರು, ಅವರೂ ನಮ್ಮ ಹಾಗೆ ಸೆಕೆಯ ಊರಿನವರೇ.

ಹೊಸದಾಗಿ ಬಂದವರು ಮಾಡುವ ತಪ್ಪು ಒಂದೇ ಮಾರಾಯರೆ. ದಪ್ಪದ ಸ್ವೆಟರ್ ಒಂದು ಹಾಕಿಕೊಂಡು ಗುದ್ದಲಿ ಹಿಡಿಯುವುದು. ಅರ್ಧ ಗಂಟೆಗೆ ಬೆವರು, ಒಳಗಿನ ಹತ್ತಿ ಬನಿಯನ್ ಒದ್ದೆ. ಟೀ ಕುಡಿಯಲು ನಿಂತ ಕೂಡಲೇ ಗಾಳಿ ಬೀಸಿತು ಅಂದರೆ ಆ ಒದ್ದೆ ಬನಿಯನ್ ಐಸ್ ಇಟ್ಟ ಹಾಗೆ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಅದಕ್ಕೆ ಒಳಗೆ ಪಾಲಿಯೆಸ್ಟರ್ ಥರ್ಮಲ್, ಅದು ಸಿಗದಿದ್ದರೆ ಹುಡುಗರು ಕ್ರಿಕೆಟಿಗೆ ಹಾಕುವ ಜೆರ್ಸಿ ಆದರೂ ಸಾಕು. ನಡುವೆ ಒಂದು ತೆಳು ಉಣ್ಣೆ ಸ್ವೆಟರ್. ಉಣ್ಣೆಗೆ ಒಂದು ಗುಣ ಉಂಟು, ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿಯುತ್ತದೆ. ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಕೆಲಸ ಜೋರಾಗುವ ಮೊದಲೇ ಒಂದು ಪದರ ಬಿಚ್ಚಬೇಕು, ನಿಂತ ಕೂಡಲೇ ಹಾಕಬೇಕು. ಚಳಿ ಆದ ಮೇಲೆ ಹಾಕಿದರೆ ತಡ.

ಬೂಟು ಕಾಲುಚೀಲದ ಜೊತೆ ಹಾಕಿ ನೋಡಿಯೇ ತೆಗೆದುಕೊಳ್ಳಿ. ಬಿಗಿ ಬೂಟಿಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಓಡುವುದಿಲ್ಲ, ಇನ್ನೂ ಚಳಿ. ಮಧ್ಯಾಹ್ನ ಊಟಕ್ಕೆ ಕೂತಾಗ ಒಣ ಕಾಲುಚೀಲ ಬದಲಾಯಿಸುವುದು, ಇದು ನಮ್ಮಲ್ಲಿ ಹೆಚ್ಚು ಕಡಿಮೆ ಕಾನೂನೇ ಆಗಿತ್ತು.

ಸುಮ್ನೆ ಓದುವವ

ಹಳೇ ಕಾಲದಲ್ಲಿ ಕಂಬಳಿ ಗೊಪ್ಪೆ ಹಾಕಿಕೊಂಡು ಮಳೆ ಚಳಿ ಎರಡೂ ಕಳೆಯುತ್ತಿದ್ದರು. ಅದರ ಮುಂದೆ ಯಾವ ಜಾಕೆಟ್ಟೂ ಇಲ್ಲ.

ಕುಂಬಳೆ ಮಾಜಿ ಗ್ರೆಫ್

ಗದ್ದೆಗೆ ಸರಿ. ಸಾರವೆ ಮೇಲೆ ಗೊಪ್ಪೆ ಹಾಕಿಕೊಂಡು ಹತ್ತಿ ನೋಡಿ, ಆಮೇಲೆ ಮಾತಾಡುವ.

ಹೊಸೂರು ಸೂಪರ್‌ವೈಸರ್

ಸರಿಯಾಗಿ ಹೇಳಿದಿರಿ. ಶಾಲು, ಮಫ್ಲರ್, ಹೆಗಲ ಮೇಲಿನ ಟವೆಲ್, ಇವು ಮಿಕ್ಸರ್ ಹತ್ತಿರ ಬರಲೇಬಾರದು. ಕೆಲಮಂಗಲ ಕಡೆ ಒಂದು ಸೈಟಿನಲ್ಲಿ ನನ್ನ ಕಣ್ಣೆದುರೇ ಒಬ್ಬನ ಮಫ್ಲರ್ ಮಿಕ್ಸರಿನ ಬೆಲ್ಟಿಗೆ ಸಿಕ್ಕಿತು. ಪುಣ್ಯಕ್ಕೆ ಹಳೇದು, ಹರಿದು ಹೋಯಿತು. ಹೊಸದಾಗಿದ್ದರೆ ಕುತ್ತಿಗೆ. ಆವತ್ತಿನಿಂದ ನಮ್ಮಲ್ಲಿ ಮಫ್ಲರ್ ಬಂದ್. ಕುತ್ತಿಗೆಗೆ ಕೊಳವೆ ತರಹದ್ದು ಸಿಗುತ್ತದೆ, ಬೈಕಿನವರು ಹಾಕುತ್ತಾರಲ್ಲ, ತುದಿ ನೇತಾಡುವುದಿಲ್ಲ. ಅದನ್ನೇ ಮೇಲೆಳೆದರೆ ಕಿವಿಯೂ ಮುಚ್ಚುತ್ತದೆ.

ಹೆಲ್ಮೆಟ್ ವಿಷಯ. ಐಎಸ್ 2925 (ಭಾರತೀಯ ಮಾನಕ) ಗುರುತು ಇರುವುದೇ ಕೊಳ್ಳಿ. ಒಳಗೆ ತಲೆಗೂ ಚಿಪ್ಪಿಗೂ ನಡುವೆ ಪಟ್ಟಿಗಳು ಖಾಲಿ ಜಾಗ ಬಿಟ್ಟಿರುತ್ತವೆ. ಮೇಲಿಂದ ಇಟ್ಟಿಗೆ ಬಿದ್ದರೆ ಪೆಟ್ಟು ತಿನ್ನುವುದು ಆ ಜಾಗವೇ. ಚಳಿ ಅಂತ ಅಲ್ಲಿ ಟವೆಲ್ ತುರುಕಿದರೆ ಹೆಲ್ಮೆಟ್ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ದಪ್ಪ ಮಂಕಿ ಕ್ಯಾಪ್ ಹಾಕಿದರೆ ಹೆಲ್ಮೆಟ್ ಮೇಲೆದ್ದು ಬಗ್ಗಿದಾಗ ಬೀಳುತ್ತದೆ. ಹೊಲಿಗೆ ದಪ್ಪ ಇಲ್ಲದ, ತಲೆಗೆ ಅಂಟಿ ಕೂರುವ ತೆಳು ಟೋಪಿ ಹಾಕಿ, ಪಟ್ಟಿ ಸ್ವಲ್ಪ ಸಡಿಲಿಸಿ, ಗಲ್ಲದ ಪಟ್ಟಿ ಕಟ್ಟಿಸಿ. ಎತ್ತರದಲ್ಲಿ ಬೆಲ್ಟ್ ಹಾಕುವವರು ಉಬ್ಬಿದ ಜಾಕೆಟ್ ಮೇಲೆ ಬೆಲ್ಟ್ ಬಿಗಿದರೆ ಬಿದ್ದಾಗ ಜಾಕೆಟ್ ಅಮುಕಿ ಬೆಲ್ಟ್ ಸಡಿಲ ಆಗುತ್ತದೆ. ಅವರಿಗೆ ತೆಳು ಪದರಗಳೇ.

ಸಿಂಬೆ

ಎಲ್ಲ ಗಂಡಸರ ಲೆಕ್ಕವೇ ಬಂತು. ಮೇಸ್ತ್ರಿಗಳು 4 ಹೆಣ್ಣಾಳು ಅಂದಿದ್ದಾರೆ, ಅವರ ಬಗ್ಗೆ ಒಬ್ಬರೂ ಕೇಳಿಲ್ಲ.

ನಾನು ಡೆಂಕಣಿಕೋಟೆ ಕಡೆಯವಳು. ಮೂರು ವರ್ಷ ಬಾಂಡ್ಲಿ ಹೊತ್ತಿದ್ದೇನೆ, ಈಗ ಅಂಗಡಿ. ತಳಿ ಕಡೆ ಕೆಲಸಕ್ಕೆ ಹೋಗುವಾಗ ಬೆಳಗ್ಗೆ ಮಂಜಿನಲ್ಲಿ ಮುಂದಿನವರ ಬೆನ್ನು ಕಾಣುತ್ತಿರಲಿಲ್ಲ. ಬ್ರಿಟಿಷರು ಅದನ್ನು ಲಿಟಲ್ ಇಂಗ್ಲೆಂಡ್ ಅಂದರಂತೆ, ಅವರು ಬಾಂಡ್ಲಿ ಹೊತ್ತಿರಲಿಲ್ಲ.

ಗಾರೆ ಹೊತ್ತರೆ ಬಾಂಡ್ಲಿ ಅಂಚಿನಿಂದ ನೀರು ಸೋರಿ ಸಿಂಬೆ ಒದ್ದೆ, ಕುತ್ತಿಗೆ ಒದ್ದೆ, ಬೆನ್ನು ಒದ್ದೆ. ಸೀರೆ ಅಂಚು ಯಾವಾಗಲೂ ನೀರಲ್ಲೇ. ಸಿಮೆಂಟ್ ನೀರು ನೆನೆದ ಸೀರೆ ಇಡೀ ದಿನ ಕಾಲಿಗೆ ಉಜ್ಜಿದರೆ ಏನಾಗುತ್ತದೆ ಅಂತ ಮೇಲೆ ಗ್ಲೌಸಿನ ಕಥೆಯಲ್ಲಿ ಹೇಳಿದ್ದೀರಿ, ಅದೇ ಇಲ್ಲೂ. ಬೂಟು ಕೇಳಿದರೆ 7ರ ಮೇಲಿನ ಸೈಜೇ ಇರುತ್ತಿತ್ತು. ನನ್ನ ಕಾಲು 4. ಚಪ್ಪಲಿಯಲ್ಲೇ ಮುಗಿಸಿದೆ.

ಗಂಡಸರ ಅಂಗಿ ಸೀರೆ ಮೇಲೆ ಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತು. ಒಳಗೆ ಪ್ಯಾಂಟ್ ಹಾಕಿ ಸೀರೆ ಎತ್ತಿ ಕಟ್ಟಲು ಹೇಳಿ, ಕಾಲಿಗೆ ಗದ್ದೆಗೆ ಹಾಕುವ ರಬ್ಬರ್ ಗಂಬೂಟು ಚಿಕ್ಕ ಸೈಜು ಸಿಗುತ್ತದೆ. ಬೆನ್ನಿಗೆ ಪ್ಲಾಸ್ಟಿಕ್ ಶೀಟ್ ಒಂದು ಹೊಲಿಸಿ ಕೊಡಿ. ಮತ್ತೆ ಬಟ್ಟೆ ಬದಲಾಯಿಸಲು ಮರೆ ಇರುವ ಜಾಗ. ಅದು ಇಲ್ಲದಿದ್ದರೆ ಒಣ ಬಟ್ಟೆ ಕೊಟ್ಟೂ ದಂಡ.

ಗೂಡಲೂರು ನರ್ಸಕ್ಕ

ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಮಂಡಿಯೂರಿ ಫ್ಲೋರಿಂಗ್ ಮಾಡುವವರಿಗೂ ಮೊಣಕಾಲಿಗೆ ಹೀಗೇ ಆಗುತ್ತದೆ. ನೆನೆದ ಬಟ್ಟೆ ತಕ್ಷಣ ತೆಗೆಯಬೇಕು.

ಬಾರ್ ಬೆಂಡರ್ ಬಾಸ್

ಸ್ವಲ್ಪ ಬೇರೆ ವಿಷಯ. ಮೇಸ್ತ್ರಿಯವರೇ, ಈ ಚಳಿಯಲ್ಲಿ ಸೆಂಟ್ರಿಂಗ್, ಸ್ಲ್ಯಾಬಿನ ಕೆಳಗಿನ ಆಸರೆ, ಎಷ್ಟು ದಿನಕ್ಕೆ ಬಿಚ್ಚುತ್ತಿದ್ದೀರಿ? ನಮ್ಮ ಮಾಲೀಕರು 7 ದಿನ ಅಂದರೆ 7 ದಿನ ಅಂತ ಕೂತಿದ್ದಾರೆ.

ಹೊಸೂರು ಸೂಪರ್‌ವೈಸರ್

ಅಂಕಣ 4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ, ದಾಟಿದರೆ 14 ದಿನ ಅಂತ ಐಎಸ್ 456 ಹೇಳುವುದು ನಿಜ. ಆದರೆ ಅದೇ ಸಾಲಿನಲ್ಲಿ ಚಳಿ 15 ಡಿಗ್ರಿಗಿಂತ ಕೆಳಗೆ ಹೋಗದಿದ್ದರೆ ಅಂತಲೂ ಇದೆ. ಅದನ್ನು ಯಾರೂ ಓದುವುದಿಲ್ಲ. ಊಟಿ ರಾತ್ರಿಗೆ ಆ ಲೆಕ್ಕ ನಡೆಯುವುದಿಲ್ಲ, ಕಾಂಕ್ರೀಟ್ ನಿಧಾನಕ್ಕೆ ಗಟ್ಟಿಯಾಗುತ್ತದೆ. 5 ಡಿಗ್ರಿ ಹತ್ತಿರ ಹೋದರೆ ಐಎಸ್ 7861ರ ಎರಡನೇ ಭಾಗ, ಚಳಿಯ ಕಾಂಕ್ರೀಟಿಗೇ ಬರೆದಿದ್ದು. ಇಂಜಿನಿಯರ್ ಹೇಳದೆ ಒಂದು ಕಂಬವನ್ನೂ ಅಲುಗಿಸಬೇಡಿ.

ಮಡಕಶಿರಾ ಬಿಸಿಲು

ಇದೆಲ್ಲ ಸೈಟಿನಲ್ಲಿ ಬೋರ್ಡ್ ಹಾಕಿದರೂ ತಮಿಳು, ಇಂಗ್ಲಿಷ್, ಹಿಂದಿ. ನಮ್ಮವರು ಓದುವುದು ಯಾವಾಗ? ನಮ್ಮ ಕಡೆ ತೆಲುಗು.

ಸುಮ್ನೆ ಓದುವವ

ಕಾಸರಗೋಡಲ್ಲಿ ಮಲಯಾಳ. ಗಡಿಯ ಕನ್ನಡಿಗನಿಗೆ ಎಲ್ಲ ಕಡೆ ಚಿತ್ರ ನೋಡಿಯೇ ಅರ್ಥ ಮಾಡಿಕೊಳ್ಳುವ ಯೋಗ.

ಅಕ್ಕಲಕೋಟೆ ಗವಂಡಿ

ನಮ್ಮಲ್ಲಿ ಮರಾಠಿ ಬೋರ್ಡ್ ಓದಿ ಓದಿ ಈಗ ಕನ್ನಡ ಬೋರ್ಡ್ ಕಂಡರೇ ಗಾಬರಿ ಆಗುತ್ತದ್ರಿ.

ವೇದಿಕೆ ನಿರ್ವಾಹಕ

ಭಾಷೆಯ ಜಗಳಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಚಳಿ.

ತಾಳವಾಡಿ ಮೇಸ್ತ್ರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ದಿನ ನಾನೇ ದುಡ್ಡು ಕೊಟ್ಟು ಹುಡುಗರ ಕೈ ಸುಟ್ಟೆ ಅಂತ ಗೊತ್ತಾಗಿ ಬೇಜಾರಾಯಿತು. ಇಬ್ಬರನ್ನೂ ಇವತ್ತು ಆಸ್ಪತ್ರೆಗೆ ತೋರಿಸಿದೆ. ಸಿಮೆಂಟೇ ಅಂದರು. ಒಂದು ವಾರ ಗಾರೆ ಬೇಡ ಅಂದಿದ್ದಾರೆ. ಅವರನ್ನು ಸ್ಟೋರಿಗೆ ಹಾಕಿದ್ದೇನೆ, ಕೂಲಿ ಹಿಡಿಯುವುದಿಲ್ಲ.

ಹಗಲಿನದ್ದು ನೀವು ಹೇಳಿದ ಹಾಗೆ ಮಾಡುತ್ತೇನೆ. ರಾತ್ರಿಗೆ ತೊಂದರೆ ಇಲ್ಲ, ತಗಡಿನ ಶೆಡ್ ಇದೆ, ಸಂದಿಗೆಲ್ಲ ಸಿಮೆಂಟ್ ಚೀಲ ತುರುಕಿ ಗಾಳಿ ಬರದ ಹಾಗೆ ಮಾಡಿದ್ದೇವೆ. ಹಳೇ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುತ್ತೇವೆ, ಬೆಳಗಿನ ತನಕ ಬೆಚ್ಚಗಿರುತ್ತದೆ. ಕೆಲವರಿಗೆ ಎದ್ದಾಗ ತಲೆನೋವು, ಚಳಿಗೆ ಇರಬೇಕು.

ಗೂಡಲೂರು ನರ್ಸಕ್ಕ

ಮೇಸ್ತ್ರಿಯವರೇ ಈಗಲೇ ಆ ಕೆಂಡ ಹೊರಗೆ ಹಾಕಿಸಿ. ಈಗಲೇ. ಇದನ್ನು ಓದುತ್ತಿದ್ದ ಹಾಗೇ ಎದ್ದು ಹೋಗಿ.

ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆ ಕಾಣುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಅದು ಹಿಡಿದುಕೊಳ್ಳುತ್ತದೆ. ಬೆಳಗ್ಗೆ ತಲೆನೋವು ಅಂದರೆ ಅದು ಚಳಿಯಲ್ಲ, ಅದೇ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಸಂದಿಗೆ ತುರುಕಿದ ಚೀಲ ಕಿತ್ತು ಹಾಕಿ. ತಲೆ ಸುತ್ತು, ವಾಂತಿ ಇದ್ದವರನ್ನು ಹೊರಗಿನ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ.

ಕುಂಬಳೆ ಮಾಜಿ ಗ್ರೆಫ್

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ಇಟ್ಟರೂ ಹೊಗೆ ಕೊಳವೆ ಹೊರಗೆ ಹೋಗಬೇಕು, ಮಲಗುವ ಮೊದಲು ಆರಿಸಬೇಕು. ಅದನ್ನು ನೋಡಲಿಕ್ಕೇ ಒಬ್ಬ ಕಾವಲಿನವ.

ಮಡಕಶಿರಾ ಬಿಸಿಲು

ಕೆಂಡ ಬೇಡ ಅಂದರೆ ರಾತ್ರಿ ಎರಡು ಗುಟುಕು ಹಾಕಿಕೊಂಡು ಮಲಗುವುದು ಒಳ್ಳೇದು ಅಲ್ವಾ?

ಗೂಡಲೂರು ನರ್ಸಕ್ಕ

ಅಲ್ಲ. ಕುಡಿದರೆ ಚರ್ಮದ ರಕ್ತನಾಳ ಅಗಲ ಆಗಿ ಮೈ ಬಿಸಿ ಅನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ನಡುಗುವುದೂ ಕಡಿಮೆ ಆಗುತ್ತದೆ. ನಡುಗುತ್ತಿದ್ದವನು ನಡುಗುವುದನ್ನು ನಿಲ್ಲಿಸಿ ತೊದಲಿದರೆ ಅವನು ಸರಿಹೋದ ಅಂತಲ್ಲ, ಕೈಮೀರುತ್ತಿದೆ ಅಂತ.

ಹೊಸೂರು ಸೂಪರ್‌ವೈಸರ್

ಮೇಸ್ತ್ರಿಯವರೇ, ನೋಡಿದಿರಾ? ಒಂದು ಸಾಲು ಬರೆಯಿರಿ.

ಸಿಂಬೆ

ಅಣ್ಣ ಉತ್ತರ ಕೊಡಿ. 2 ಗಂಟೆ ಆಯಿತು.

ಸುಮ್ನೆ ಓದುವವ

ಯಾರ ಹತ್ತಿರವಾದರೂ ನಂಬರ್ ಇದೆಯಾ? ನಿರ್ವಾಹಕರೇ?

ವೇದಿಕೆ ನಿರ್ವಾಹಕ

ಇದೆ. ಮಾಡಿದೆ, ಸ್ವಿಚ್ ಆಫ್ ಬರುತ್ತಿದೆ. ಮತ್ತೆ ಮಾಡುತ್ತಾ ಇದ್ದೇನೆ.

ತಾಳವಾಡಿ ಮೇಸ್ತ್ರಿ

ಕ್ಷಮಿಸಿ, ಎಲ್ಲರಿಗೂ ಗಾಬರಿ ಮಾಡಿದೆ. ಅಕ್ಕನ ಮಾತು ಓದಿದ್ದು ರಾತ್ರಿ 10ಕ್ಕೆ. ಕೆಂಡಕ್ಕೆ ಆಗಲೇ ಬೂದಿ ಮುಚ್ಚಿ ಎಲ್ಲ ಮಲಗಿದ್ದರು. ಎಬ್ಬಿಸಿ ಬಾಂಡ್ಲಿ ಹೊರಗೆ ಎಳೆದೆವು, ಚೀಲ ಕಿತ್ತೆವು. ಬೈದರು. ಬೈಯಲಿ. ಅಷ್ಟರಲ್ಲಿ ನನ್ನ ಫೋನಿನ ಚಾರ್ಜು ಮುಗಿಯಿತು, ಕರೆಂಟೂ ಇರಲಿಲ್ಲ. ಈಗ ಬೆಳಗ್ಗೆ 8. ಚಳಿಗೆ ಯಾರೂ ಸರಿ ನಿದ್ದೆ ಮಾಡಿಲ್ಲ, ಆದರೆ ತಲೆನೋವು ಅಂತ ಇವತ್ತು ಒಬ್ಬನೂ ಹೇಳಲಿಲ್ಲ.

ಮನೆ ಮಾಲೀಕರ ಹತ್ತಿರ ಮಾತಾಡಿದೆ. ಗ್ಲೌಸ್, ಗಂಬೂಟು, ಕಂಬಳಿ ಯಾರ ಖರ್ಚು ಅಂತ ಕೇಳಿದರು.

ಹೊಸೂರು ಸೂಪರ್‌ವೈಸರ್

ಕೆಲಸಗಾರನ ಖರ್ಚಂತೂ ಅಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂದಿತ್ತು, ಆಗಿನಿಂದಲೇ ರಕ್ಷಣೆಯ ಸಾಮಾನು ಕೆಲಸ ಕೊಡುವವರದ್ದು. ಮುಂದಿನ ಸಲ ರೇಟು ಮಾತಾಡುವಾಗಲೇ ಇದನ್ನು ಸೇರಿಸಿ ಹೇಳಿ. ಒಪ್ಪಿಕೊಂಡ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. 14 ಜನರೂ ತಮಿಳುನಾಡಿನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದಾರಾ?

ತಾಳವಾಡಿ ಮೇಸ್ತ್ರಿ

5 ಜನ ಮಾತ್ರ. ಅರ್ಜಿ ತಮಿಳಲ್ಲಿ ಅಂತ ಉಳಿದವರು ಹೋಗಲಿಲ್ಲ.

ಮಡಕಶಿರಾ ಬಿಸಿಲು

ನಿರ್ವಾಹಕರೇ, ಈಗ ಭಾಷೆ ವಿಷಯ ಮಾತಾಡಬಹುದಾ?

ಸಿಂಬೆ

ನಾನು ತುಂಬಿಕೊಡುತ್ತೇನೆ, ತಮಿಳು ಓದಿದವಳು. ಮೆಸೇಜ್ ಮಾಡಿ. ಗಂಬೂಟು 4, 5 ಸೈಜು ಎಷ್ಟು ಜೊತೆ ಬೇಕು ಅದನ್ನೂ ಹೇಳಿ, ಹೊಸೂರಿನಲ್ಲಿ ವಿಚಾರಿಸುತ್ತೇನೆ.

ಕುಂಬಳೆ ಮಾಜಿ ಗ್ರೆಫ್

ರಾತ್ರಿ ಕೈಗೆ ಹಚ್ಚಲು ನಮ್ಮ ತೆಂಗಿನೆಣ್ಣೆ ಕಳಿಸಲಾ ಮೇಸ್ತ್ರಿ? ಮಿಲ್ಲಿನದ್ದು, ಒಳ್ಳೇದು.

ತಾಳವಾಡಿ ಮೇಸ್ತ್ರಿ

ಕಳಿಸಿ ಅಣ್ಣ. ಅಗಲ ಬಾಯಿಯ ಡಬ್ಬಿಯಲ್ಲಿ ಕಳಿಸಿ. ಬಾಟ್ಲಿಯಲ್ಲಿ ಬಂದರೆ ಇಲ್ಲಿ ಕಲ್ಲಾಗಿ ಕೂತುಬಿಡುತ್ತದೆ, ತೆಗೆಯಲು ಕರಣೆ ಬೇಕು.